ಬೇರೆ ಲೋಟ

ನಮ್ಮೂರು ಮಂಡ್ಯ ತಾಲ್ಲೂಕಿನ ದುದ್ದ. ನಾನು ಪಿಯುಸಿ ಓದುವಾಗ ನಮ್ಮ ಬೀದಿಯ ಲಾರಿ ಡ್ರೈವರ್ ಮಾವನಿಗೆ ಸೊಂಟದ ಸುತ್ತ ಸರ್ಪಸುತ್ತು ಎದ್ದಿತು. ಕೆಮ್ಮಣ್ಣು ಹಚ್ಚಿದರು. ಆಮೇಲೆ ಬಾಯೊಳಗೆ ಬಿಳಿ ಪದರ, ಕೈಕಾಲಿನ ತುಂಬ ತುರಿಕೆಯ ಗುಳ್ಳೆ. "ಅದೇ ಕಾಯ್ಲೆ ಕಣ್ಲಾ" ಅಂತ ಊರೇ ತೀರ್ಮಾನ ಮಾಡಿತು. ಟೀ ಅಂಗಡಿಯಲ್ಲಿ ಅವರ ಲೋಟ ಬೇರೆ ಆಯ್ತು. ಒಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತು, "ಪರೀಕ್ಷೆ ಹೆಂಗ್ ಮಾಡ್ದೆ ಮಗಾ?" ಅಂದರು. ನಾನು ಎದ್ದು ಹೋದೆ.

ಹೋದ ವರ್ಷ ಬೆಂಗಳೂರಲ್ಲಿ ನನಗೇ ಸರ್ಪಸುತ್ತು ಆಯ್ತು. ಆಫೀಸಿನವರು "ಸ್ಟ್ರೆಸ್ ಗುರು, ರೆಸ್ಟ್ ತಗೋ" ಅಂದರು. ಅದೇ ಗುಳ್ಳೆ, ಅದೇ ಜಾಗ. ಡ್ರೈವರ್ ಮೈಮೇಲೆ ಬಂದರೆ ನಡತೆ, ಇಂಜಿನಿಯರ್ ಮೈಮೇಲೆ ಬಂದರೆ ಡೆಡ್‌ಲೈನ್.

ಡಾಕ್ಟರು ಬಿಡಿಸಿ ಹೇಳಿದರು. ಚಿಕ್ಕಂದಿನಲ್ಲಿ 'ಅಮ್ಮ' ಆದಾಗಿನ ವೈರಸ್ ನರದೊಳಗೆ ಮಲಗಿರುತ್ತೆ, ಮೈಯ ಶಕ್ತಿ ಕುಗ್ಗಿದಾಗ ಏಳುತ್ತೆ. ವಯಸ್ಸಾದವರಲ್ಲಿ ಹೆಚ್ಚು, ಎಚ್‌ಐವಿ ಇರುವವರಲ್ಲೂ ಹೆಚ್ಚು. ಎಚ್‌ಐವಿಯಿಂದ ಸಿಡಿ4 ಕಣಗಳು ಕಮ್ಮಿಯಾದಾಗ ಬಾಯಲ್ಲಿ ಕ್ಯಾಂಡಿಡಾ ಶಿಲೀಂಧ್ರ ಬಿಳಿಯಾಗಿ ಕಟ್ಟುತ್ತೆ, ಚರ್ಮದಲ್ಲಿ ತುರಿಕೆ ಏಳುತ್ತೆ. ಎಆರ್‌ಟಿ ಮಾತ್ರೆ ಸರಿಯಾಗಿ ತಗೊಂಡರೆ ಇವು ಬಹುಮಟ್ಟಿಗೆ ಹತೋಟಿಗೆ ಬರುತ್ತವೆ. "ಯಾವುದಕ್ಕೂ ಒಂದು ಟೆಸ್ಟ್ ಮಾಡಿಸಿ" ಅಂದರು.

ರಿಪೋರ್ಟ್ ಬರೋವರೆಗೂ ನಿದ್ದೆ ಇಲ್ಲ. ಹೆದರಿದ್ದು ವೈರಸ್ಸಿಗಿಂತ ಹೆಚ್ಚಾಗಿ ಆ ಲೋಟಕ್ಕೆ. ಎಂಜಲಿನಿಂದ, ಮುಟ್ಟುವುದರಿಂದ ಎಚ್‌ಐವಿ ಹರಡಲ್ಲ ಅಂತ ಗೊತ್ತಿದ್ದೂ ಹೆದರಿದೆ, ಯಾಕಂದರೆ ಬೆಂಚಿನಿಂದ ಎದ್ದು ಹೋದವನು ನಾನೇ. ನೆಗೆಟಿವ್ ಬಂತು.

ಎಚ್‌ಐವಿ ಇರುವವರ ವಿಷಯವನ್ನು ಗುಟ್ಟಾಗಿಡಬೇಕು, ಅವರನ್ನು ಬೇರೆ ಮಾಡಬಾರದು ಅಂತ 2017ರ ಕಾಯ್ದೆ ಹೇಳುತ್ತೆ. ಅದು 2018ರಲ್ಲಿ ಜಾರಿಗೆ ಬಂತು. ಆದರೆ ಮನಸ್ಸಲ್ಲೇ ಮಾಡುವ ಊಹೆಯನ್ನು ಯಾವ ಕಾಯ್ದೆ ಹಿಡಿದೀತು? "ಗೊತ್ತಾದರೆ ನಾವು ಹುಷಾರಾಗಿರಬಹುದಲ್ವಾ" ಅಂತೀರಿ. ಜೊತೆಗೆ ಕೂತು ಟೀ ಕುಡಿಯೋದಕ್ಕೆ ಯಾವ ಹುಷಾರು ಬೇಕು? ನಮ್ಮ ಊಹೆಯಿಂದ ಆಗೋದು ಒಂದೇ. ಜನ ತೋಳು ಮುಚ್ಚುತ್ತಾರೆ, ಬಾಯಿ ಮುಚ್ಚುತ್ತಾರೆ, ಆಸ್ಪತ್ರೆಗೆ ಹೋಗೋದನ್ನು ಮುಂದೂಡುತ್ತಾರೆ. ತಡವಾದಷ್ಟೂ ಹುಣ್ಣು ಹೆಚ್ಚುತ್ತೆ. ನಾವು "ನೋಡಿದ್ರಾ, ಹೇಳಿರಲಿಲ್ವಾ" ಅಂತೀವಿ.

ಮಾವ ಕೊನೆಗೆ ಬಿಸಿಲಲ್ಲೂ ತುಂಬುತೋಳಿನ ಅಂಗಿ ಹಾಕುತ್ತಿದ್ದರು. ಊರಿನವರು ಯಾರಾದರೂ ನೋಡಿಯಾರು ಅಂತ ಮಂಡ್ಯದ ಆಸ್ಪತ್ರೆಗೆ ಹೋಗಲಿಲ್ಲ. ಸರ್ಕಾರ ಎಆರ್‌ಟಿ ಮಾತ್ರೆಯನ್ನು ಉಚಿತವಾಗಿ ಕೊಡಲು ಶುರು ಮಾಡಿದ್ದು 2004ರಲ್ಲಿ. ಅವರಿಗೆ ಬೇಕಿದ್ದರೆ ಅದು ಸಿಗುತ್ತಿತ್ತು. ಅವರಿಗೆ ಇದ್ದದ್ದು ಏನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇರಲಿಲ್ಲ. ಪರೀಕ್ಷೆ ಹೆಂಗ್ ಮಾಡ್ದೆ ಅಂತ ಕೇಳಿದವರಿಗೆ "ಚೆನ್ನಾಗ್ ಮಾಡಿವ್ನಿ ಮಾವ" ಅನ್ನಬೇಕಿತ್ತು, ಅಷ್ಟೆ.