ಪ್ರಸಿದ್ಧಿಯೂ ಆಪ್ತವಾಕ್ಯವೂ

ಶಬ್ದವೂ ಒಂದು ಪ್ರಮಾಣವೆಂದು ನೈಯಾಯಿಕರು ಒಪ್ಪಿದರು. ಆದರೆ ಆಪ್ತನ ಶಬ್ದವನ್ನು ಮಾತ್ರ. ವಿಷಯವನ್ನು ಸಾಕ್ಷಾತ್ತಾಗಿ ಅರಿತು, ಅರಿತುದನ್ನು ಅರಿತಂತೆಯೇ ತಿಳಿಸಲೆಳಸುವವನು ಆಪ್ತನು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಭಾಷ್ಯಕಾರನಾದ ವಾತ್ಸ್ಯಾಯನನ ಮತ. ಆತನು ಪ್ರಸಿದ್ಧನಾಗಿರಬೇಕೆಂಬ ನಿಬಂಧನೆ ಮಾತ್ರ ಅಲ್ಲಿಲ್ಲ. ಮಗುವಿಗೆ ಲಸಿಕೆ ಹಾಕಿಸುವ ತಂದೆತಾಯಿಗಳಾದರೋ ಅದರ ಗುಣದೋಷಗಳನ್ನು ತಾವೇ ಶೋಧಿಸಲಾರರು; ಯಾರದಾದರೊಂದು ಮಾತನ್ನು ನಂಬಲೇಬೇಕು. ಹೀಗಿರಲು, ಯಾರದನ್ನು?

1956ರ ಅಕ್ಟೋಬರ್ 28ರಂದು ನ್ಯೂಯಾರ್ಕಿನಲ್ಲಿ, 21 ವರ್ಷದ ಗಾಯಕ ಎಲ್ವಿಸ್ ಪ್ರೆಸ್ಲಿಯು ಛಾಯಾಗ್ರಾಹಕರ ಮುಂದೆ ಪೋಲಿಯೋ ಚುಚ್ಚುಮದ್ದನ್ನು ಹಾಕಿಸಿಕೊಂಡನು. ಇದು ಕೂಸುಗಳ ರೋಗವೆಂದು ಉದಾಸೀನರಾಗಿದ್ದ ತರುಣರನ್ನು ಎಚ್ಚರಿಸುವುದೇ ಉದ್ದೇಶ. ವೇಷದ ಬೆಡಗಿನಿಂದ ಜನರನ್ನು ಸತ್ಯಕ್ಕೆ ಕರೆತರುವುದು ಸರಿಯೇ ಎಂದು ಶುದ್ಧತರ್ಕಿಗಳು ಕೇಳಿಯಾರು. ಆದರೆ ಆತನು ವೈದ್ಯಸಿದ್ಧಾಂತವನ್ನೇನೂ ಹೇಳಲಿಲ್ಲ. ತೋಳನ್ನು ಚಾಚಿದನು, ಅಷ್ಟೆ. ಪರೀಕ್ಷೆಯು 1954ರಲ್ಲಿಯೇ, 18 ಲಕ್ಷ ಮಕ್ಕಳು ಭಾಗವಹಿಸಿದ ಪ್ರಯೋಗದಲ್ಲಿ, ಬಲ್ಲವರಿಂದ ನಡೆದಿತ್ತು.

2007ರಲ್ಲಿ ಅದೇ ದೇಶದ ನಟಿ ಜೆನ್ನಿ ಮೆಕಾರ್ಥಿಯು ಓಪ್ರಾ ವಿನ್‌ಫ್ರೇಯ ದೂರದರ್ಶನ ಕಾರ್ಯಕ್ರಮದಲ್ಲಿ, ತನ್ನ ಮಗನ ಆಟಿಸಂಗೆ ಲಸಿಕೆಯೇ ಕಾರಣವೆಂಬ ಅರ್ಥ ಬರುವಂತೆ ಮಾತನಾಡಿದಳು. ಇಲ್ಲಿಯೇ ಪ್ರಶ್ನೆಯು ಕಠಿನವಾಗುವುದು. ಆಕೆ ಸುಳ್ಳುಗಾರ್ತಿಯಲ್ಲ, ತಾಯಿ. ಕಂಡುದನ್ನು ಕಂಡಳು. ದಡಾರ, ಮಂಗಬಾವು, ರುಬೆಲ್ಲಾಗಳ ಲಸಿಕೆಯನ್ನು ಅಲ್ಲಿ 12ರಿಂದ 15 ತಿಂಗಳೊಳಗೆ ಹಾಕುವರು. ಆಟಿಸಂನ ಚಿಹ್ನೆಗಳು ಅನೇಕರಲ್ಲಿ ತೋರತೊಡಗುವುದೂ ಎರಡನೆಯ ವರ್ಷದಲ್ಲಿಯೇ. ಕಾಗೆ ಕೂತುದೂ ತಾಳೆಯ ಹಣ್ಣು ಬಿದ್ದುದೂ ಎರಡೂ ನಿಜ. ಕಾಗೆಯೇ ಕೆಡವಿತೆಂಬುದು ಮಾತ್ರ ಅನುಮಾನ. ಡೆನ್ಮಾರ್ಕಿನ ವೈದ್ಯರು 5 ಲಕ್ಷಕ್ಕೂ ಮೀರಿದ ಮಕ್ಕಳನ್ನು ಪರಿಶೀಲಿಸಿ, ಈ ಲಸಿಕೆ ಹಾಕಿದವರಲ್ಲಿ ಆಟಿಸಂ ಹೆಚ್ಚಲ್ಲವೆಂದು 2002ರಲ್ಲಿಯೇ ಪ್ರಕಟಿಸಿದ್ದರು. ಶಂಕೆಯನ್ನು ಹಬ್ಬಿಸಿದ ವೇಕ್‌ಫೀಲ್ಡನ 1998ರ ಲೇಖನವು ಕೇವಲ 12 ಮಕ್ಕಳನ್ನು ಕುರಿತದ್ದು. ಅದನ್ನು ಲ್ಯಾನ್ಸೆಟ್ ಪತ್ರಿಕೆಯು 2010ರಲ್ಲಿ ಹಿಂತೆಗೆದುಕೊಂಡಿತು. ಆದರೆ ಕಣ್ಣೀರಿನ ಮುಂದೆ ಅಂಕಿಗಳಿಗೇನು ಬೆಲೆ! ನೋವನ್ನು ಹೇಳಿಕೊಂಡುದು ದೋಷವಲ್ಲ. ನೋವನ್ನೇ ಹೇತುವಾಗಿ ನಿಲ್ಲಿಸಿದುದು ದೋಷ. ಆ ಹೇತುವಿಗೆ ಪೀಠವಿತ್ತವರೂ ಅದರಲ್ಲಿ ಪಾಲುಗಾರರೇ.

ನಂಬಿದವನೇ ಫಲವನ್ನು ಉಣ್ಣುವುದಾದರೆ ಇಷ್ಟು ವಿಚಾರವೇಕೆ? ದಡಾರದಲ್ಲಿ ಹಾಗಾಗದು. ಲಸಿಕೆಯ ವಯಸ್ಸಾಗದ ಶಿಶುವಿಗೆ ಸುತ್ತಲಿನವರ ಲಸಿಕೆಯೇ ಬೇಲಿ. 2014ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡ್ ವಿಹಾರೋದ್ಯಾನದಿಂದ ದಡಾರವು ಹರಡಿತು. ಇದನ್ನು ಒಬ್ಬ ನಟಿಯ ತಲೆಗೆ ಕಟ್ಟುವುದು ನ್ಯಾಯವಲ್ಲ; ಸಂಶಯದ ಬೇರುಗಳು ಹಲವು. ಫೆಬ್ರವರಿಯ ವೇಳೆಗೆ ಆ ಪ್ರಾಂತದಲ್ಲಿ ಲೆಕ್ಕಕ್ಕೆ ಬಂದ 110 ರೋಗಿಗಳಲ್ಲಿ 49 ಮಂದಿ ಲಸಿಕೆಯಿಲ್ಲದವರು. ಅವರಲ್ಲಿ 12 ಮಂದಿ, ಯಾರ ಮಾತನ್ನೂ ನಂಬುವ ವಯಸ್ಸಿರಲಿ, ಲಸಿಕೆ ಹಾಕಿಸಿಕೊಳ್ಳುವ ವಯಸ್ಸೂ ಆಗದಿದ್ದ ಕೂಸುಗಳು.