ಕಲಿಯಲರಿಯದ ಶಿಷ್ಯನೋ, ಕಲಿಸಲರಿಯದ ಗುರುವೋ?

ಗುರುವೆಂಬ ಶಬ್ದಕ್ಕೆ ನಮ್ಮ ಜನರಲ್ಲಿರುವ ಗೌರವ ದೊಡ್ಡದು. ಹುಡುಗನು ಕಲಿತು ಮುಂದೆ ಬಂದರೆ ಅದು ಗುರುವಿನ ಪ್ರಸಾದವೆನ್ನುತ್ತೇವೆ. ಕಲಿಯದೆ ಹೋದರೆ ಅದು ಹುಡುಗನ ಹಣೆಬರಹವೆನ್ನುತ್ತೇವೆ. ಬಂದ ಕೀರ್ತಿಯೆಲ್ಲ ಗುರುವಿಗೆ, ಬಂದ ಅಪಕೀರ್ತಿಯೆಲ್ಲ ಶಿಷ್ಯನಿಗೆ ಎಂಬ ಈ ಲೆಕ್ಕವು ನ್ಯಾಯದ ಲೆಕ್ಕವೆ? ಮೂವತ್ತು ವರ್ಷಗಳ ಕಾಲ ಶಿಕ್ಷಕನಾಗಿದ್ದು ಇದರ ಲಾಭವನ್ನು ಉಂಡವರಲ್ಲಿ ನಾನೂ ಒಬ್ಬನಾದುದರಿಂದ ಈ ಪ್ರಶ್ನೆಯನ್ನು ಎತ್ತಲು ನನಗೆ ಅಧಿಕಾರವಿದೆಯೆಂದು ಭಾವಿಸುತ್ತೇನೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾಲ್ಕನೆಯ ಇಯತ್ತೆಯಲ್ಲಿ ಒಬ್ಬ ಹುಡುಗನಿದ್ದನು. ಬಾಯಿಲೆಕ್ಕದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಸಂತೆಯ ದಿನ ತಂದೆಯ ಬಳಿ ಕುಳಿತು ಮೆಣಸಿನಕಾಯಿಯ ತೂಕಕ್ಕೆ ಹಣವೆಷ್ಟೆಂಬುದನ್ನು ಗಿರಾಕಿ ಕೇಳುವ ಮೊದಲೇ ಹೇಳುತ್ತಿದ್ದನು. ಆದರೆ ಪಾಟಿಯ ಮೇಲೆ ಬರೆಯಲು ಹೇಳಿದರೆ ಸಾಕು, ಪ-ಷ-ವ-ಮಗಳೆಲ್ಲ ಒಂದಾಗಿ ಬಿಡುತ್ತಿದ್ದವು. 'ಸೂರ್ಯ' ಎಂದರೆ 'ಸೂಯ' ಎಂದು ಬರೆಯುವನು. ತಿದ್ದಿದರೆ ಮರುದಿನ ಮತ್ತೆ ಅದೇ. ಇಷ್ಟು ಚುರುಕಾದ ಹುಡುಗನು ಬರೆಯುವುದಿಲ್ಲವೆಂದರೆ ಅದು ಸೋಮಾರಿತನವಲ್ಲದೆ ಮತ್ತೇನು ಎಂದು ನಾನು ತರ್ಕಿಸಿದೆನು. ಬೆತ್ತವನ್ನು ಹಿಡಿದೆನು. ಅವನ ತಂದೆ ಬಂದು, "ಹೊಡೆದಾದರೂ ಕಲಿಸಿರಿ ಗುರುಗಳೆ" ಎಂದು ಕೈಮುಗಿದು ಹೋದನು. ಐದನೆಯ ಇಯತ್ತೆಯ ನಡುವೆ ಆ ಹುಡುಗನು ಶಾಲೆ ಬಿಟ್ಟನು. ಕಲಿಸಲು ನಾನು ಮಾಡದ ಪ್ರಯತ್ನವಿಲ್ಲವೆಂದು ಅಂದು ನಿಜವಾಗಿಯೂ ನಂಬಿದ್ದೆನು.

ಅದು ಸೋಮಾರಿತನವಾಗಿರಲಿಲ್ಲವೆಂಬುದು ನನಗೆ ತಿಳಿದದ್ದು ಬಹು ತಡವಾಗಿ. ಬುದ್ಧಿಗೆ ಯಾವ ಕೊರತೆಯಿಲ್ಲದೆಯೂ ಅಕ್ಷರದ ಆಕಾರವನ್ನು ಅದರ ಧ್ವನಿಯೊಡನೆ ಕೂಡಿಸುವುದು ಕೆಲವು ಮಕ್ಕಳಿಗೆ ಅತ್ಯಂತ ಕಷ್ಟವಾಗುತ್ತದೆ. ಇದನ್ನು ಡಿಸ್ಲೆಕ್ಸಿಯಾ ಎನ್ನುತ್ತಾರೆ. ವಿಕಲಚೇತನರ ಹಕ್ಕುಗಳ ಬಗ್ಗೆ 2016ರಲ್ಲಿ ಆದ ಕಾಯಿದೆಯು ಹೆಸರಿಸಿದ 21 ಬಗೆಯ ನ್ಯೂನತೆಗಳಲ್ಲಿ ಇಂಥ ಕಲಿಕೆಯ ನ್ಯೂನತೆಯೂ ಸೇರಿದೆ. ನಮ್ಮ ಲಿಪಿಯನ್ನು ನೋಡಿರಿ. ವರ್ಣಮಾಲೆಯ ಅಕ್ಷರಗಳು ಐವತ್ತರ ಒಳಗೇ ಇದ್ದರೂ ಕಾಗುಣಿತವೂ ಒತ್ತಕ್ಷರವೂ ಸೇರಿ ಮಗುವಿನ ಕಣ್ಣ ಮುಂದೆ ನೂರಾರು ರೂಪಗಳು ನಿಲ್ಲುತ್ತವೆ. ಎಲ್ಲರಂತಿರುವ ಮಕ್ಕಳಿಗೂ ಅವು ಕೈವಶವಾಗಲು ನಾಲ್ಕೈದು ವರ್ಷ ಹಿಡಿಯುತ್ತದೆ. ಅರ್ಕಾವೊತ್ತಿನ ಗತಿಯಂತೂ ವಿಚಿತ್ರ: 'ಸೂರ್ಯ'ದಲ್ಲಿ ಕಿವಿಗೆ ರಕಾರವು ಮೊದಲು ಕೇಳುತ್ತದೆ, ಕೈ ಅದನ್ನು ಯಕಾರದ ನಂತರ ಬರೆಯುತ್ತದೆ. ನನ್ನ ಆ ಹುಡುಗನು ಎಡವಿದ್ದು ಲಿಪಿಯೇ ಕಲ್ಲು ಹಾಸಿದ್ದ ಜಾಗದಲ್ಲಿ. ಇದನ್ನು ಬಲ್ಲ ಶಿಕ್ಷಕನಾಗಿದ್ದರೆ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ, ಬಾಯಿಂದ ಉಚ್ಚರಿಸುತ್ತ ಬೆರಳಿನಿಂದ ಉಸುಕಿನ ಮೇಲೆ ಬರೆಯಿಸಿ, ಆಕಾರ ಹೋಲುವ ಎರಡಕ್ಷರಗಳನ್ನು ಒಂದೇ ದಿನ ಕಲಿಸದೆ, ಕಲಿತದ್ದನ್ನು ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಮರುಕಳಿಸುತ್ತ ಹೋಗುತ್ತಿದ್ದನು. ಪರೀಕ್ಷೆಯಲ್ಲಿ ಬಾಯಿಂದ ಉತ್ತರ ಪಡೆಯುತ್ತಿದ್ದನು. ಇದರಲ್ಲಿ ಪವಾಡವೇನೂ ಇಲ್ಲ. ಇದು ಕಲಿಯಬಹುದಾದ ವಿದ್ಯೆ. ನಾನು ಕಲಿತಿರಲಿಲ್ಲ, ಅಷ್ಟೆ.

ಈಗ ಬೆತ್ತ ಹೋಗಿದೆ. 2009ರ ಶಿಕ್ಷಣದ ಹಕ್ಕಿನ ಕಾಯಿದೆಯು ಮಕ್ಕಳನ್ನು ದಂಡಿಸುವುದನ್ನು ನಿಷೇಧಿಸಿದೆ. ಅದರ ಜಾಗಕ್ಕೆ ಬಂದಿರುವುದು ಮರುಕ. "ಪಾಪ, ಅವನಿಂದ ಆಗುವುದಿಲ್ಲ" ಎಂದು ಹೇಳಿ ಹಿಂದಿನ ಸಾಲಿನಲ್ಲಿ ಕೂರಿಸಿ, ಬಿಸಿಯೂಟವನ್ನು ಪ್ರೀತಿಯಿಂದ ಬಡಿಸಿ, ವರ್ಷ ತುಂಬಿದೊಡನೆ ಮುಂದಿನ ತರಗತಿಗೆ ದಾಟಿಸುವ ಮರುಕ. ಇದು ಹೊಡೆತಕ್ಕಿಂತ ಮೇಲೆಂಬುದನ್ನು ಒಪ್ಪಬೇಕು. ಆದರೆ ಎಷ್ಟು ಮೇಲು? ಹಸಿದವನ ತಟ್ಟೆಗೆ ಮರುಕವನ್ನು ಬಡಿಸಿದರೆ ಹೊಟ್ಟೆ ತುಂಬುವುದಿಲ್ಲ. ದಯೆಯನ್ನು ಧರ್ಮದ ಬೇರೆಂದು ನಂಬಿದ ಶರಣರು ಕಾಯಕಕ್ಕೂ ಅಷ್ಟೇ ಎತ್ತರದ ಸ್ಥಾನವನ್ನು ಕೊಟ್ಟರೆಂಬುದನ್ನು ನಾವು ಇಲ್ಲಿ ನೆನೆಯಬೇಕು. ಒಳ್ಳೆಯ ಮನಸ್ಸಿನಿಂದ ಕೆಟ್ಟದಾಗಿ ಮಾಡಿದ ಕೆಲಸವು ಕಾಯಕವೆನಿಸದು. ಆವಿಗೆಯಲ್ಲಿ ಮಡಕೆ ಒಡೆದರೆ ಕುಂಬಾರನು ಮಣ್ಣನ್ನು ಶಪಿಸುತ್ತ ಕೂರುವುದಿಲ್ಲ. ಮಣ್ಣು ಎಂಥದು, ಹದ ಎಲ್ಲಿ ತಪ್ಪಿತು ಎಂದು ನೋಡುತ್ತಾನೆ. ನಾವು ಶಿಕ್ಷಕರು ಮಾತ್ರ ಮಣ್ಣಿಗಾಗಿ ಕಣ್ಣೀರಿಟ್ಟು ನಮ್ಮ ಕೈಗಳನ್ನು ನೋಡಿಕೊಳ್ಳುವುದನ್ನು ಮರೆಯುತ್ತೇವೆ.

ನಮ್ಮ ನಾಡಿನಲ್ಲೇ ಇದಕ್ಕೆ ಉತ್ತರವೆನ್ನಬಹುದಾದ ಉದಾಹರಣೆಯಿದೆ. ಹಾನಗಲ್ಲ ಕುಮಾರಸ್ವಾಮಿಗಳು ಕಣ್ಣಿಲ್ಲದ ಬಾಲಕನೊಬ್ಬನಿಗೆ ಆಶ್ರಯವನ್ನಿತ್ತರು. ಅನ್ನ, ಬಟ್ಟೆ, ಮಠದ ಒಂದು ಮೂಲೆ, ಇಷ್ಟನ್ನು ಕೊಟ್ಟು ಸುಮ್ಮನಾಗಿದ್ದರೂ ಜನರು ಅವರನ್ನು ದಯಾಳುಗಳೆಂದು ಕೊಂಡಾಡುತ್ತಿದ್ದರು. ಅವರು ಸುಮ್ಮನಾಗಲಿಲ್ಲ. ಆ ಬಾಲಕನಿಗೆ ಕರ್ನಾಟಕ ಮತ್ತು ಹಿಂದುಸ್ತಾನಿ ಸಂಗೀತಗಳೆರಡರ ಶಿಕ್ಷಣವೂ ಬಲ್ಲ ಗುರುಗಳಿಂದಲೇ ದೊರೆಯುವಂತೆ ನೋಡಿಕೊಂಡರು. ಆತನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳೆಂದು ಪ್ರಸಿದ್ಧರಾದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರ ಕೈಯಲ್ಲಿ ಬೆಳೆದ ಪುಟ್ಟರಾಜ ಗವಾಯಿಗಳು ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವರು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಬಳಿಕ 2010ರವರೆಗೆ ಆ ಹೊಣೆಯನ್ನು ಅವರು ಹೊತ್ತರು. ಹಲವು ವಾದ್ಯಗಳಲ್ಲಿ ಪ್ರಭುತ್ವ ಪಡೆದರು. ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥಗಳನ್ನು ರಚಿಸಿದರು. ಕಣ್ಣುಳ್ಳ ಬಸವರಾಜ ರಾಜಗುರುಗಳೂ ಪಂಚಾಕ್ಷರಿ ಗವಾಯಿಗಳ ಶಿಷ್ಯರೇ ಎಂಬುದನ್ನು ಮರೆಯಬಾರದು. ಕಣ್ಣಿಲ್ಲದವನ ಬಳಿ ಕಣ್ಣಿದ್ದವನು ಹೋಗಿ ಕುಳಿತು ಕಲಿತನು.

ಗದಗಿನ ಈ ಸಂಗತಿಯನ್ನು ನಾವು ಭಕ್ತಿಯಿಂದ ಹೇಳುತ್ತೇವೆ, ಪವಾಡವೆನ್ನುತ್ತೇವೆ. ನನಗೆ ಅದು ಪವಾಡಕ್ಕಿಂತ ಹೆಚ್ಚಿನದಾಗಿ ಕಾಣುತ್ತದೆ. ಸಂಗೀತವು ಕಿವಿಯಿಂದ ಕಿವಿಗೆ ಹೋಗುವ ವಿದ್ಯೆ. ಕರಿಹಲಗೆಯ ಮುಂದೆ ಕೂರಿಸಿದ್ದರೆ ಏನನ್ನೂ ಕಲಿಯಲಾರದವರೆನಿಸುತ್ತಿದ್ದ ಅದೇ ಬಾಲಕರು ತಂಬೂರಿಯ ಮುಂದೆ ಕೊರತೆಯಿಲ್ಲದವರಾದರು. ಬಾಲಕರು ಬದಲಾಗಲಿಲ್ಲ, ಕಲಿಸುವ ದಾರಿ ಬದಲಾಯಿತು. ಹಾಗಾದರೆ ನಾವು ಮಗುವಿನ ಕೊರತೆಯೆಂದು ಬರೆದುಕೊಳ್ಳುವುದರಲ್ಲಿ ಒಂದು ಪಾಲು ಮಗುವಿನದಲ್ಲ. ಅದು ದಾರಿಯದು, ಮತ್ತು ದಾರಿಯನ್ನು ಆರಿಸಿದವನದು. ಆ ಪಾಲು ಎಷ್ಟು ದೊಡ್ಡದೆಂಬುದು ಮಗುವಿನಿಂದ ಮಗುವಿಗೆ ಬೇರೆಯಾಗುತ್ತದೆ. ಎಲ್ಲ ಕೊರತೆಯನ್ನೂ ಗುರುವು ತುಂಬಬಲ್ಲನೆಂದು ನಾನು ಹೇಳಲಾರೆ. ಹಾಗೆ ಹೇಳಿದರೆ ತಾಯ್ತಂದೆಗಳಿಗೆ ಸುಳ್ಳು ಆಸೆ ತೋರಿಸಿದಂತಾದೀತು. ಕೆಲವು ಮಕ್ಕಳು ಎಂದಿಗೂ ಪುಸ್ತಕ ಓದಲಿಕ್ಕಿಲ್ಲ. ತನ್ನ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳುವುದು, ತನ್ನ ಊರಿನ ಬಸ್ಸನ್ನು ಗುರುತಿಸುವುದು, ಇಷ್ಟೇ ಅವರ ವಿದ್ಯೆಯಾದೀತು. ಅದಕ್ಕೂ ಗುಂಡಿ ಹಾಕುವ ಕೆಲಸವನ್ನು ಹತ್ತು ಚಿಕ್ಕ ಹೆಜ್ಜೆಗಳಾಗಿ ಒಡೆದು ಒಂದೊಂದನ್ನೇ ಕಲಿಸಬಲ್ಲವನು ಬೇಕು.

ಹೆಲನ್ ಕೆಲರಳ ಹೆಸರನ್ನು ಕೇಳದವರಿಲ್ಲ. ಆಕೆಯ ಗುರು ಆನ್ ಸಲಿವನ್ ತಾನೂ ಮಂದದೃಷ್ಟಿಯವಳು. 1887ರ ಮಾರ್ಚಿನಲ್ಲಿ ಆರು ವರ್ಷದ ಹೆಲನ್‌ಳ ಮನೆಗೆ ಬಂದಾಗ ಅವಳಿಗೆ ಇನ್ನೂ ಇಪ್ಪತ್ತು ವರ್ಷ. ಬರುವ ಮೊದಲು ಅವಳು ತಿಂಗಳುಗಟ್ಟಲೆ ಪರ್ಕಿನ್ಸ್ ಅಂಧರ ಶಾಲೆಯಲ್ಲಿ ಕುಳಿತು, ಕಣ್ಣು ಕಿವಿಗಳಿಲ್ಲದ ಲಾರಾ ಬ್ರಿಡ್ಜ್‌ಮನ್‌ಳಿಗೆ ಡಾಕ್ಟರ್ ಹೋವ್ ಅವರು ಭಾಷೆ ಕಲಿಸಿದ ವರದಿಗಳನ್ನು ಅಭ್ಯಸಿಸಿದ್ದಳು. ನೀರಿನ ಪಂಪಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಆ ತಿಂಗಳುಗಳ ಅಭ್ಯಾಸವನ್ನು ಯಾರೂ ಹೇಳುವುದಿಲ್ಲ.

ತರಬೇತಿಯೆಂದರೆ ಬಹಳಷ್ಟು ಇಂಥ ಸಣ್ಣ ಸಂಗತಿಗಳೇ. ಕಿವಿ ಮಂದವಾದ ಮಗು ಮಾತನ್ನು ಅರ್ಧ ತುಟಿಯಿಂದ ಓದುತ್ತದೆ. ಹಲಗೆಯ ಕಡೆ ಮುಖ ಮಾಡಿ ಪಾಠ ಹೇಳುವ ಶಿಕ್ಷಕನು ಆ ಅರ್ಧವನ್ನು ಕಸಿದುಕೊಳ್ಳುತ್ತಾನೆ. (ತುಟಿ ಮುಚ್ಚುವಂತೆ ಮೀಸೆ ಬಿಟ್ಟವರೂ ಇದನ್ನು ಗಮನಿಸಬೇಕು, ನಾನೂ ಬಿಟ್ಟಿದ್ದೆನು.) ದೃಷ್ಟಿ ಮಂದವಾದ ಮಗುವಿಗೆ ಕಿಟಕಿಯ ಬಿಸಿಲು ಹಲಗೆಯ ಮೇಲೆ ಬಿದ್ದರೆ ಅಕ್ಷರಗಳೇ ಮಾಯ. ಆಟಿಸಂ ಇರುವ ಮಗುವು ಗಂಟೆಯ ಸದ್ದಿಗೆ ಕಿವಿ ಮುಚ್ಚಿ ಚೀರಿದರೆ ಅದು ಹಟವಲ್ಲ. ಆ ಸದ್ದು ಅದಕ್ಕೆ ನೋವನ್ನುಂಟುಮಾಡುತ್ತದೆ. ಇವನ್ನು ಬಲ್ಲವರು ನಮ್ಮಲ್ಲಿ ಇಲ್ಲದಿಲ್ಲ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು ಇಂಥ ಮಕ್ಕಳ ಶಿಕ್ಷಕರನ್ನು ತಯಾರು ಮಾಡುತ್ತಿದೆ. ತಾಲೂಕಿನಲ್ಲಿ ಶಾಲೆಯಿಂದ ಶಾಲೆಗೆ ಸಂಚರಿಸುವ ಸಂಪನ್ಮೂಲ ಶಿಕ್ಷಕರಿದ್ದಾರೆ. 2016ರ ಕಾಯಿದೆಯ 17ನೆಯ ಕಲಮು ಬ್ರೈಲ್ ಮತ್ತು ಸಂಜ್ಞಾಭಾಷೆ ಬಲ್ಲ, ಬೌದ್ಧಿಕ ನ್ಯೂನತೆಯುಳ್ಳ ಮಕ್ಕಳಿಗೆ ಕಲಿಸಬಲ್ಲ ಶಿಕ್ಷಕರನ್ನು ತರಬೇತಿಗೊಳಿಸಿ ನೇಮಿಸುವುದನ್ನು ಸರಕಾರದ ಕರ್ತವ್ಯವಾಗಿಸಿದೆ. ಇಂಥ 10 ಮಕ್ಕಳಿಗೆ ಪ್ರಾಥಮಿಕದಲ್ಲಿ ಒಬ್ಬ ವಿಶೇಷ ಶಿಕ್ಷಕನಿರಬೇಕೆಂದು 2022ರಲ್ಲಿ ಕೇಂದ್ರ ಸರಕಾರವು ಗೊತ್ತುಪಡಿಸಿತು. ಆದರೆ ವಿಶೇಷ ಶಿಕ್ಷಕನು ಬಂದು ಹೋಗುವವನು. ದಿನದ ಐದಾರು ತಾಸು ಮಗುವಿನ ಎದುರು ನಿಲ್ಲುವವನು ತರಗತಿಯ ಶಿಕ್ಷಕನೇ. ನಲವತ್ತು ಮಕ್ಕಳನ್ನು ಎದುರಿಗಿಟ್ಟುಕೊಂಡ ಅವನು, "ಒಬ್ಬನಿಗಾಗಿ ಉಳಿದವರನ್ನು ಬಿಡಲೆ?" ಎಂದು ಕೇಳುತ್ತಾನೆ. ಈ ಪ್ರಶ್ನೆಯಲ್ಲಿ ಕಪಟವಿಲ್ಲ. ಆದರೂ ಮುಖ ತಿರುಗಿಸಿ ಮಾತನಾಡುವುದರಿಂದ, ಅಕ್ಷರವನ್ನು ಬಿಡಿಸಿ ಹೇಳುವುದರಿಂದ ಉಳಿದವರಿಗೆ ನಷ್ಟವಾದುದನ್ನು ನಾನು ಕಂಡಿಲ್ಲ.

ಎರಡು ವರ್ಷದ ಬಿ.ಎಡ್. ಪಠ್ಯದಲ್ಲಿ ಈ ವಿಷಯಕ್ಕೆ ಒಂದು ಚಿಕ್ಕ ಪತ್ರಿಕೆಯಿದೆ. ನ್ಯೂನತೆಗಳ ಹೆಸರುಗಳನ್ನು ಬಾಯಿಪಾಠ ಮಾಡಿ ಅಂಕ ಗಳಿಸಬಹುದು. ಅಂಥ ಒಂದು ಮಗುವಿನೊಡನೆ ಒಂದು ವಾರ ಕೂರದೆಯೂ ಶಿಕ್ಷಕನಾಗಬಹುದು. ದಂಡೆಯ ಮೇಲೆ ನಿಲ್ಲಿಸಿ ಈಜು ಕಲಿಸಿದಂತೆ ಇದು. ಮಠಗಳೂ ಭಕ್ತರೂ ನಡೆಸುವ ತರಬೇತಿ ವಿದ್ಯಾಲಯಗಳು ನಮ್ಮಲ್ಲಿ ಕಡಿಮೆಯಿಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ತಿಂಗಳಾದರೂ ಒಂದೇ ಮಗುವಿನ ಬಳಿ ಕುಳಿತು ಕಲಿಸಬೇಕೆಂದು ಅವು ತಾವಾಗಿಯೇ ಗೊತ್ತುಮಾಡಿಕೊಳ್ಳಲು ಯಾರ ಅಪ್ಪಣೆ ಬೇಕು? ಕೊಠಡಿಯ ಮೇಲೆ ಹೆಸರು ಕೆತ್ತಿಸುವ ದಾನಿಗಳಿಗೆ ನಮ್ಮಲ್ಲಿ ಬರವಿಲ್ಲ. ಒಬ್ಬ ಶಿಕ್ಷಕಿಯನ್ನು ಒಂದು ವರ್ಷದ ತರಬೇತಿಗೆ ಸಂಬಳ ಕೊಟ್ಟು ಕಳಿಸಿದರೆ ಕಲ್ಲಿನ ಮೇಲೆ ಹೆಸರು ಬರುವುದಿಲ್ಲವೆಂಬುದೇ ತೊಡಕು.

ಕಳೆದ ಜಾತ್ರೆಯಲ್ಲಿ ಆ ಹುಡುಗನು, ಈಗ ಪಂಪಸೆಟ್ಟು ದುರಸ್ತಿ ಮಾಡುವ ಗೃಹಸ್ಥನು, ನನ್ನ ಕಾಲಿಗೆರಗಿದನು. ಜೊತೆಗೆ ಮೂರನೆಯ ತರಗತಿಯ ಮಗನಿದ್ದನು. "ಗುರುಗಳೆ, ಇವನೂ ನನ್ನ ಹಾಗೆಯೇ ಬರೆಯುತ್ತಾನೆ. ಏನು ಮಾಡಲಿ?" ಎಂದನು. ಹೊಡೆತದ ಮಾತನ್ನು ಅವನು ಎತ್ತಲಿಲ್ಲ. ನಾನೇ ಎತ್ತಿ ತಪ್ಪಾಯಿತೆಂದೆನು. ಅವನು ನಕ್ಕು ಮಗನ ತಲೆಯ ಮೇಲೆ ಕೈಯಿಟ್ಟನು. ಮರುವಾರ ಮೂವರೂ ಶಾಲೆಗೆ ಹೋದೆವು. ಅಲ್ಲಿಯ ಶಿಕ್ಷಕಿ ಚಿಕ್ಕ ವಯಸ್ಸಿನವಳು. ಎಲ್ಲವನ್ನೂ ಕೇಳಿಕೊಂಡು, "ಸರ್, ಇದನ್ನು ನಮಗೆ ಯಾರೂ ಮಾಡಿ ತೋರಿಸಲಿಲ್ಲ" ಎಂದಳು. ಈಗ ವಾರಕ್ಕೆ ಎರಡು ದಿನ ಅಲ್ಲಿಗೆ ಹೋಗುತ್ತೇನೆ. ತಾಲೂಕಿನ ಸಂಪನ್ಮೂಲ ಶಿಕ್ಷಕರು ಹೇಳಿದಂತೆ ಪರಾತದಲ್ಲಿ ಉಸುಕು ಹರವಿ ಮಗುವೂ ಆ ಶಿಕ್ಷಕಿಯೂ ನಾನೂ ಕುಳಿತುಕೊಳ್ಳುತ್ತೇವೆ. ಪ-ಷಗಳು ಬೇರೆಯಾಗಿವೆ. ಅರ್ಕಾವೊತ್ತಿಗೆ ಇನ್ನೂ ಬಂದಿಲ್ಲ.