ಅಚ್ಚಿನ ಅಂತರಂಗ

ಬೋರಿವಲಿಗೂ ಥಾಣೆಗೂ ನಡುವೆ ಹಬ್ಬಿರುವ ಕಾಡುಗುಡ್ಡದಲ್ಲಿ ಕನ್ಹೇರಿಯ ಗುಹೆಗಳಿವೆ. ಅಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ, ಒಂಬತ್ತನೆಯ ಶತಮಾನದ ನಡುಭಾಗದ ಒಂದು ದಾನಶಾಸನವಿದೆ. ಅಮೋಘವರ್ಷನ ಸಾಮಂತನಾಗಿ ಆಗ ಉತ್ತರ ಕೊಂಕಣವನ್ನು ಆಳುತ್ತಿದ್ದವನು ಶಿಲಾಹಾರ ವಂಶದ ಪುಲ್ಲಶಕ್ತಿ. ಮುಂದೆ ಇದೇ ವಂಶಕ್ಕೆ ಥಾಣೆ ರಾಜಧಾನಿಯಾಯಿತು. ಬೌದ್ಧ ವಿಹಾರಕ್ಕೆ ಕೊಟ್ಟ ಹಣದಲ್ಲಿ ದುರಸ್ತಿಗೆ ಒಂದು ಪಾಲು, ಭಿಕ್ಷುಗಳ ಬಟ್ಟೆಗೆ ಒಂದು ಪಾಲು ಎಂದು ಹಂಚುವ ಆ ಶಾಸನ ಪುಸ್ತಕಗಳಿಗೂ ಒಂದು ಪಾಲನ್ನು ತೆಗೆದಿಡುತ್ತದೆ. ಅದೇ ಅಮೋಘವರ್ಷನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ', ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥ, ಕಾವ್ಯದ ದೋಷಗಳ ವಿಚಾರವನ್ನು ಮೊದಲ ಪರಿಚ್ಛೇದದಲ್ಲೇ ಎತ್ತಿಕೊಳ್ಳುತ್ತದೆ. ಪುಸ್ತಕಕ್ಕೆ ಹಣ ಕೊಡುವುದು ಪುಣ್ಯ ಎಂಬುದನ್ನು ನಾವು ತಟ್ಟನೆ ಒಪ್ಪುತ್ತೇವೆ. ಬರೆದದ್ದನ್ನು ದೋಷವಿಲ್ಲದ ರೂಪಕ್ಕೆ ತರುವ ಶ್ರಮಕ್ಕೂ ಆ ಮಾತು ಸಲ್ಲುತ್ತದೆಯೆ, ಅಥವಾ ಅದು ಬರಿಯ ಅಲಂಕಾರವೆ? ಇಂದು ಅದೇ ಸೀಮೆಯ ಕಲ್ಯಾಣದಲ್ಲೂ ಥಾಣೆಯಲ್ಲೂ ಮುಂಬಯಿ ವಿಶ್ವವಿದ್ಯಾಲಯದ ಉಪಕೇಂದ್ರಗಳಿವೆ. ನವಿ ಮುಂಬಯಿಯ ಹೊಸ ಪನವೇಲಿನಲ್ಲಿ ಭಾರತೀಯ ಭೂಕಾಂತತ್ವ ಸಂಸ್ಥೆಯಿದೆ, ಖಾರಘರಿನಲ್ಲಿ ಟಾಟಾ ಸ್ಮಾರಕದ ಕ್ಯಾನ್ಸರ್ ಸಂಶೋಧನ ಕೇಂದ್ರವಿದೆ. ಇಂಥ ಕಡೆಗಳಲ್ಲಿ ಸಂಶೋಧಕರು ಲೇಖನವನ್ನು ನಿಯತಕಾಲಿಕದ ಅಚ್ಚಿಗೆ ಹೊಂದಿಸುವ ಕೆಲಸಕ್ಕೆ ಎಷ್ಟೋ ರಾತ್ರಿಗಳನ್ನು ಕೊಡುತ್ತಾರೆ. ಇದನ್ನು ಗುಮಾಸ್ತಗಿರಿ ಎಂದು ತಳ್ಳಿಬಿಡುವ ಮಾತು ಪಂಡಿತರಲ್ಲೇ ಹೆಚ್ಚು. ನನ್ನ ವಾದ ಅದಕ್ಕೆ ವಿರುದ್ಧ. ವಿದ್ವತ್ ಬರಹದ ಅಚ್ಚುಕಟ್ಟು ಸತ್ಯಕ್ಕೆ ಸಂಬಂಧಪಟ್ಟ ವ್ರತ. ಧರ್ಮದ ಪ್ರಶ್ನೆಗಳ ಸಾಲಿನಲ್ಲೇ ಅದನ್ನಿಟ್ಟು ಯೋಚಿಸಬೇಕು.

ಈ ಕೆಲಸಕ್ಕೆ ಲೋಕವೆಲ್ಲ ಬಳಸುವ ಟೆಕ್ ಎಂಬ ಅಕ್ಷರಜೋಡಣೆಯ ವ್ಯವಸ್ಥೆ ಹುಟ್ಟಿದ್ದೇ ಒಂದು ಬಗೆಯ ಕಳವಳದಿಂದ. 1977ರಲ್ಲಿ ಸ್ಟ್ಯಾನ್‌ಫರ್ಡಿನ ಗಣಕವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರಿಗೆ ತಮ್ಮ ಗ್ರಂಥದ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡಚ್ಚು ಬಂತು. ಮೊಳೆ ಜೋಡಿಸುವ ಹಳೆಯ ವಿಧಾನ ಹೋಗಿ ಫೋಟೋ ಅಕ್ಷರಜೋಡಣೆ ಬಂದಿದ್ದ ಕಾಲ. ಗಣಿತದ ಪುಟಗಳು ವಿಕಾರವಾಗಿದ್ದವು. ಗ್ರಂಥದ ಮುಂದಿನ ಕೆಲಸವನ್ನು ಬದಿಗಿಟ್ಟು ಅವರು ಅಚ್ಚಿನ ವಿದ್ಯೆಯನ್ನೇ ಕಲಿಯಲು ಹೊರಟರು. ಅದು ಸುಮಾರು ಒಂದು ದಶಕವನ್ನೇ ತೆಗೆದುಕೊಂಡಿತು. ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ ಅದರ ಮೇಲೆ ಲೇಟೆಕ್ ಎಂಬ ವ್ಯವಸ್ಥೆಯನ್ನು ಕಟ್ಟಿದರು. ಕ್ನೂತ್ ಲೂಥರನ್ ಪಂಥದ ಶ್ರದ್ಧಾವಂತ ಕ್ರೈಸ್ತರು. ಬೈಬಲಿನ ಒಂದೊಂದು ಗ್ರಂಥದಲ್ಲೂ ಮೂರನೆಯ ಅಧ್ಯಾಯದ ಹದಿನಾರನೆಯ ವಾಕ್ಯವನ್ನೇ ಆರಿಸಿಕೊಂಡು, ಪ್ರತಿಯೊಂದಕ್ಕೂ ಒಬ್ಬೊಬ್ಬ ಲಿಪಿಕಾರರಿಂದ ಅಕ್ಷರಚಿತ್ರ ಬರೆಸಿ, ತಮ್ಮ ವ್ಯಾಖ್ಯಾನದೊಡನೆ ಪ್ರಕಟಿಸಿದವರು. ಗಣಿತ, ಶ್ರದ್ಧೆ, ಅಕ್ಷರ ಈ ಮೂರೂ ಅವರಲ್ಲಿ ಬೇರೆ ಬೇರೆ ಕೋಣೆಗಳಲ್ಲಿ ವಾಸಿಸಲಿಲ್ಲ. ತಮ್ಮ ಪುಸ್ತಕದಲ್ಲಿ ತಪ್ಪು ತೋರಿಸಿದವರಿಗೆ 2.56 ಡಾಲರಿನ ಚೆಕ್ಕು ಕಳಿಸುವ ಪದ್ಧತಿ ಇಟ್ಟುಕೊಂಡರು. ಟೆಕ್ಕಿನ ಆವೃತ್ತಿಯ ಸಂಖ್ಯೆ ಪ್ರತಿ ತಿದ್ದುಪಡಿಗೆ ಒಂದಂಕಿ ಬೆಳೆದು ಪೈ ಕಡೆಗೆ ಸರಿಯುತ್ತದೆ; 2021ರಲ್ಲಿ ಅದು 3.141592653 ಆಯಿತು. ಪರಿಪೂರ್ಣತೆಯನ್ನು ಸಮೀಪಿಸಬಹುದು, ಮುಟ್ಟಿದೆನೆಂದು ಹೇಳಿಕೊಳ್ಳಲಾಗದು ಎಂಬ ವಿನಯವನ್ನು ಅವರು ಒಂದು ಸಂಖ್ಯೆಯಲ್ಲಿಟ್ಟರು. ದೊಡ್ಡ ಮಾತಿನ ತತ್ತ್ವಗ್ರಂಥಗಳಿಗಿಂತ ಈ ಆಚರಣೆ ನನಗೆ ಹೆಚ್ಚು ಧಾರ್ಮಿಕವಾಗಿ ಕಾಣುತ್ತದೆ.

ಲೇಟೆಕ್ ಬರೆಯುವವನಿಂದ ಏನನ್ನು ಕೇಳುತ್ತದೆ ಎಂಬುದು ಮುಖ್ಯ. ಇದನ್ನು ದಪ್ಪಗೆ ಮಾಡು, ಅದನ್ನು ಓರೆಯಾಗಿಸು ಎಂಬ ಆಜ್ಞೆಗಳಿಗಿಂತ ಮೊದಲು, ಇದು ಏನು ಎಂದು ಹೇಳು ಎನ್ನುತ್ತದೆ. ಇದು ಪ್ರಮೇಯವೆ, ಊಹೆಯೆ, ಬರಿಯ ಟಿಪ್ಪಣಿಯೆ? ಈ ಮಾತು ನಿನ್ನದೆ, ಬೇರೊಬ್ಬರದೆ? ಬೇರೊಬ್ಬರದಾದರೆ ಅವರ ಗುರುತೇನು? ಸಾಧನೆ ಇಲ್ಲದ ಊಹೆಗೆ ಪ್ರಮೇಯದ ಹೆಸರು ಕೊಡುವ ಲೇಖಕ ಯಂತ್ರದ ಮುಂದೆ ತಿಳಿದೇ ಸುಳ್ಳು ಬರೆಯಬೇಕಾಗುತ್ತದೆ. ಅಜಾಗ್ರತೆಯ ಮರೆ ಅವನಿಗೆ ಸಿಗದು. ಉಲ್ಲೇಖಿಸಿದ ಗ್ರಂಥ ಪಟ್ಟಿಯಲ್ಲಿ ಇಲ್ಲದಿದ್ದರೆ ಪುಟದ ಮೇಲೆ ಪ್ರಶ್ನಾರ್ಥಕ ಚಿಹ್ನೆ ಮೂಡುತ್ತದೆ. ಇಲ್ಲದ ಸಮೀಕರಣವನ್ನು ತೋರಿಸಿದರೆ ಎರಡು ಪ್ರಶ್ನಾರ್ಥಕ ಚಿಹ್ನೆಗಳು. ಕೊರತೆಯನ್ನು ಮುಚ್ಚದೆ ಮುದ್ರಿಸುವ ಈ ಗುಣ ಸಣ್ಣದಲ್ಲ. ಸಾಲು ಮುರಿಯುವ ವಿಧಾನದಲ್ಲೂ ವಿಚಾರವಿದೆ. ಕ್ನೂತ್ ಮತ್ತು ಮೈಕೆಲ್ ಪ್ಲಾಸ್ 1981ರಲ್ಲಿ ವಿವರಿಸಿದ ಕ್ರಮದಲ್ಲಿ ಯಂತ್ರ ಒಂದು ಸಾಲು ತುಂಬಿತೆಂದು ಮುಂದಿನದಕ್ಕೆ ಹೋಗುವುದಿಲ್ಲ. ಇಡೀ ಪ್ಯಾರಾವನ್ನು ಎದುರಿಗಿಟ್ಟುಕೊಂಡು, ಎಲ್ಲ ಸಾಲುಗಳ ದೋಷದ ಮೊತ್ತ ಕನಿಷ್ಠವಾಗುವಂತೆ ಮುರಿಯುತ್ತದೆ. ಕೊನೆಯ ಸಾಲಿನ ಇಕ್ಕಟ್ಟು ತಪ್ಪಿಸಲು ಮೊದಲ ಸಾಲು ತನ್ನ ಅಂದದಲ್ಲಿ ತುಸು ಬಿಟ್ಟುಕೊಡುತ್ತದೆ.

ಯಂತ್ರವೇ ಮಾಡುವುದಾದರೆ ಬರೆಯುವವನ ಪುಣ್ಯವೇನು ಎಂದು ಕೇಳಬಹುದು. ನಮ್ಮ ಪರಂಪರೆಯಲ್ಲಿ ಇದಕ್ಕೆ ಉತ್ತರವಿದೆ. ವೇದವನ್ನು ಬರೆಯದೆ ಉಳಿಸಿಕೊಂಡವರು ಪದ, ಕ್ರಮ, ಜಟೆ, ಘನ ಎಂಬ ಪಾಠಗಳನ್ನು ಕಟ್ಟಿದರು. ಪದಗಳನ್ನು ಹಿಂದೆಮುಂದೆ ಹೆಣೆದು ಹೇಳುವ ಘನಪಾಠದಿಂದ ಮಂತ್ರದ ಅರ್ಥ ಒಂದಿಷ್ಟೂ ಹೆಚ್ಚುವುದಿಲ್ಲ. ಹೆಚ್ಚುವುದು ತಪ್ಪು ನುಸುಳದೆಂಬ ಭರವಸೆ ಮಾತ್ರ. ರೂಪದ ಇಷ್ಟೊಂದು ಯಾಂತ್ರಿಕ ಕಟ್ಟು ಅಲ್ಲಿ ಸತ್ಯದ ಕಾವಲಾಯಿತು. ಜೈನರಲ್ಲಿ ಶಾಸ್ತ್ರದಾನ ನಾಲ್ಕು ದಾನಗಳಲ್ಲೊಂದು. ಹತ್ತನೆಯ ಶತಮಾನದ ಕೊನೆಯಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಕಾವ್ಯ ಬರೆದವಳು ಅವಳಲ್ಲ; ಪ್ರತಿ ಮಾಡಿಸಿದವಳು. ನಾಡು ಅವಳಿಗೆ ದಾನಚಿಂತಾಮಣಿ ಎಂಬ ಹೆಸರು ಕೊಟ್ಟಿತು. ಆ ಸಾವಿರ ಪ್ರತಿಗಳನ್ನು ಓಲೆಗೆ ಇಳಿಸಿದ ಕೈಗಳ ಹೆಸರು ಉಳಿದಿಲ್ಲ. ಪುರಾಣಗಳು ವಿದ್ಯಾದಾನವನ್ನು ಹೊಗಳುವಾಗ ಅಕ್ಷರಗಳು ಸಮವಾಗಿರಬೇಕು, ಪ್ರತಿಯನ್ನು ಮೂಲದೊಡನೆ ಹೋಲಿಸಿ ತಿದ್ದಬೇಕು ಎಂದು ಲಿಪಿಕಾರನ ಕೆಲಸದೊಳಕ್ಕೂ ಇಳಿಯುತ್ತವೆ. ಓಲೆಗರಿಯ ಕೊನೆಯಲ್ಲಿ ಪ್ರತಿಕಾರರು ತಮ್ಮ ಬಾಗಿದ ಬೆನ್ನು, ಕತ್ತುಗಳ ನೋವನ್ನು ಹೇಳಿ, ತಪ್ಪಿದ್ದರೆ ತಿದ್ದಿಕೊಳ್ಳಿ ಎಂದು ಬೇಡಿಕೊಳ್ಳುತ್ತಿದ್ದರು. ಓದುವವನಿಗೆ ತಿದ್ದುವ ಅಧಿಕಾರವನ್ನು ಒಪ್ಪಿಸುವ ಆ ಬೇಡಿಕೆಯನ್ನೇ ಇಂದು ಅಡಿಟಿಪ್ಪಣಿಯೂ ಆಕರಸೂಚಿಯೂ ಮಾಡುತ್ತಿವೆ. ನಾನು ಹೇಳಿದ್ದನ್ನು ನಂಬಿ ಎನ್ನದೆ, ಇಗೋ ದಾರಿ, ಹೋಗಿ ನೋಡಿ ಎನ್ನುವುದು.

ಇದಕ್ಕಿಂತ ಬಲವಾದ ಆಕ್ಷೇಪ ನಮ್ಮ ಭಕ್ತಿಪರಂಪರೆಯಿಂದಲೇ ಬರುತ್ತದೆ. ಶರಣರು ಹೊರಗಿನ ಆಚಾರವನ್ನು ಕಟುವಾಗಿ ವಿಮರ್ಶಿಸಿದರು, ಸ್ಥಾವರವನ್ನು ಒಪ್ಪಲಿಲ್ಲ; ಅಂತರಂಗ ಶುದ್ಧವಿದ್ದರೆ ಸಾಕು, ಪುಟದ ಅಂದ ಯಾರಿಗೆ ಬೇಕು ಎನ್ನಬಹುದು. ಆದರೆ ಶರಣರು ಅಂತರಂಗದ ಜೊತೆಗೆ ಬಹಿರಂಗದ ಶುದ್ಧಿಯನ್ನೂ ಕೇಳಿದವರು. ಅವರು ಅಲ್ಲಗಳೆದದ್ದು ಒಳಗಿಲ್ಲದ ಹೊರಗನ್ನು. ಅವರ ವಚನಗಳನ್ನೇ ನೋಡಿ. ಛಂದಸ್ಸಿನ ಕಟ್ಟನ್ನು ಬಿಟ್ಟ ಆ ಬರಹ ಒಂದು ಕಟ್ಟನ್ನು ಮಾತ್ರ ಬಿಡಲಿಲ್ಲ: ಅಂಕಿತ. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬ ಮುದ್ರೆಗಳು ಇಲ್ಲದಿದ್ದರೆ ಶತಮಾನಗಳ ನಂತರ ಫ. ಗು. ಹಳಕಟ್ಟಿಯವರಂಥವರು ಓಲೆಗಳ ರಾಶಿಯಿಂದ ವಚನಗಳನ್ನು ಎತ್ತಿ, ಇದು ಇವರದು ಎಂದು ಬೇರ್ಪಡಿಸುವುದು ಹೇಗೆ ಸಾಧ್ಯವಾಗುತ್ತಿತ್ತು? ಅಂಕಿತ ದೇವರಿಗೆ ಅರ್ಪಣೆ. ಅದೇ ಹೊತ್ತಿಗೆ ಆಡಿದ ಮಾತಿಗೆ ಹೊಣೆ ಹೊರುವ ಗುರುತು. ರೂಪವನ್ನು ಇಷ್ಟು ಕಡಿಮೆ ಮಾಡಿದವರು ಹೊಣೆಯ ಗುರುತನ್ನು ಉಳಿಸಿಕೊಂಡರು ಎಂಬುದನ್ನು ನಾನು ಆಕಸ್ಮಿಕ ಎಂದು ತಿಳಿಯಲಾರೆ.

ಒಳಗಿಲ್ಲದ ಹೊರಗು ಎಂದರೇನು ಎಂಬುದಕ್ಕೆ ಇಂದಿನ ಕನ್ನಡ ವಿದ್ವತ್ತಿನಲ್ಲೇ ನೋವಿನ ಉದಾಹರಣೆಯಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಲೇಖನ ತೆರೆಯ ಮೇಲೆ, ಕಾಗದದ ಮೇಲೆ ಚೆಲುವಾದ ಕನ್ನಡ. ಕಂಪ್ಯೂಟರಿನ ಒಳಗೆ ಅದು ಕನ್ನಡವೇ ಅಲ್ಲ. ನುಡಿಯ ಹಳೆಯ ಫಾಂಟಿನಲ್ಲಿ ಬರೆದ 'ಕನ್ನಡ' ಎಂಬ ಪದ ಒಳಗೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆಯಿರುವ ಎ, ಪೌಂಡಿನ ಚಿಹ್ನೆ ಇತ್ಯಾದಿಯಾಗಿ ಕುಳಿತಿರುತ್ತದೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಆ ಚಿಹ್ನೆಗಳೇ. ಹುಡುಕಿದರೆ ಪದ ಸಿಗದು, ಅಕಾರಾದಿಯಾಗಿ ಜೋಡಿಸಲಾಗದು, ಅಂಧ ಓದುಗರಿಗಾಗಿ ಓದಿ ಹೇಳುವ ತಂತ್ರಾಂಶಕ್ಕೆ ಅದು ಅರ್ಥವಿಲ್ಲದ ಗದ್ದಲ. ಕನ್ನಡವನ್ನು ಕಂಪ್ಯೂಟರಿಗೆ ತಂದ ಆ ತಂತ್ರಾಂಶಗಳಿಗೆ ನಾವು ಋಣಿಗಳು. ಅಂದಿನ ಇಕ್ಕಟ್ಟಿನಲ್ಲಿ ಅದೇ ದಾರಿಯಿತ್ತು. ಆದರೆ ಪ್ರತಿ ಅಕ್ಷರಕ್ಕೂ ಅದರದೇ ಗುರುತು ಕೊಡುವ ಯೂನಿಕೋಡ್ ಬಂದು, ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುವ, ಟೆಕ್ಕಿನ ಹೊಸ ರೂಪಗಳಾದ ಜೀಟೆಕ್, ಲುವಾಟೆಕ್‌ಗಳೂ ಬಂದು, ಕನ್ನಡದ ಉದ್ದ ಪದಗಳನ್ನು ಸಾಲಿನ ಕೊನೆಯಲ್ಲಿ ಎಲ್ಲಿ ಮುರಿಯಬಹುದೆಂಬ ನಿಯಮಗಳೂ ಟೆಕ್ಕಿಗೆ ಸೇರಿದ ಮೇಲೆ ಹಳೆಯದನ್ನೇ ಹಿಡಿದಿರಲು ಕಾರಣ ಉಳಿದಿಲ್ಲ. ಟೆಕ್ಕಿನಿಂದ ಕನ್ನಡವನ್ನೂ ಸಂಸ್ಕೃತವನ್ನೂ ಅಚ್ಚುಕಟ್ಟಾಗಿ ಜೋಡಿಸಬಹುದೆಂದು ಗಣಿತಜ್ಞ ಸಿ. ಎಸ್. ಯೋಗಾನಂದರು ಶ್ರೀರಂಗಪಟ್ಟಣದ ಶ್ರೀರಂಗ ಡಿಜಿಟಲ್ ಸಂಸ್ಥೆಯಲ್ಲಿ ತೋರಿಸಿಕೊಟ್ಟಿದ್ದಾರೆ. ಅಂದರೆ ಅಚ್ಚಿಗೆ ಎರಡು ಪದರಗಳಿವೆ. ಒಂದು ಕಣ್ಣಿಗೆ ಕಾಣುವ ರೂಪ. ಇನ್ನೊಂದು, ಇದು ಅಧ್ಯಾಯ, ಇದು ಉಲ್ಲೇಖ, ಇದು 'ಕ' ಎಂಬ ಅಕ್ಷರ ಎಂದು ಒಳಗೆ ನಿಜವಾಗಿ ಹೇಳಿರುವ ರೂಪ. ಶರಣರ ಪ್ರಶ್ನೆಯನ್ನು ಈ ಪದರದಲ್ಲಿ ಕೇಳಿಕೊಳ್ಳಬೇಕು. ಅಂದದ ಹೆಸರಿನಲ್ಲಿ ಹೊರಗನ್ನಷ್ಟೇ ತಿದ್ದಿ ಒಳಗನ್ನು ಹಾಗೇ ಬಿಟ್ಟ ಪುಟ ಸುಣ್ಣ ಬಳಿದ ಟೊಳ್ಳುಗೋಡೆ.

ವಿಜ್ಞಾನಿಗಳಿಗೆ ಸರಿ, ಸಮೀಕರಣವಿಲ್ಲದ ಸಾಹಿತ್ಯ ಸಂಶೋಧಕರಿಗೆ ಈ ಕಟ್ಟುಪಾಡು ಯಾಕೆ ಎಂಬ ಮಾತಿಗೆ ಹೆಚ್ಚು ಹೊತ್ತು ಬೇಕಿಲ್ಲ. ತಂತ್ರಾಂಶದ ಹೆಸರು ಮುಖ್ಯವಲ್ಲ. ವರ್ಡಿನಲ್ಲಿ ಶೀರ್ಷಿಕೆಯನ್ನು ಶೀರ್ಷಿಕೆಯೆಂದು ಗುರುತಿಸಿ ಬರೆದರೂ ಅದೇ ವ್ರತ. ಶಾಸನಪಾಠ, ಪಾಠಾಂತರ, ಪುಟಸಂಖ್ಯೆಗಳನ್ನು ನಂಬಿ ಬದುಕುವ ಸಾಹಿತ್ಯ ಸಂಶೋಧನೆಗೆ ಇದರ ಅಗತ್ಯ ಗಣಿತಕ್ಕಿಂತ ಹೆಚ್ಚೇ. ಗಣಿತದಲ್ಲಿ ತಪ್ಪು ಉಲ್ಲೇಖವಿದ್ದರೂ ಓದುವವನು ಸಾಧನೆಯನ್ನು ತಾನೇ ಮಾಡಿಕೊಳ್ಳಬಲ್ಲ. ತಪ್ಪಾಗಿ ಉದ್ಧರಿಸಿದ ಶಾಸನವನ್ನು ತರ್ಕದಿಂದ ಮತ್ತೆ ಹುಟ್ಟಿಸಲಾಗದು.

ಉಳಿದಿರುವ ಆಕ್ಷೇಪ ನನ್ನ ವಾದಕ್ಕೆ ನಿಜವಾಗಿ ತಾಗುವಂಥದು. ಲೇಟೆಕ್ಕಿನಲ್ಲಿ ಜೋಡಿಸಿದ ಪುಟ ನೋಡಿದೊಡನೆ ವಿದ್ವತ್ತಿನಂತೆ ಕಾಣುತ್ತದೆ. ಟೊಳ್ಳು ಲೇಖನವೂ ಆ ಉಡುಪು ತೊಟ್ಟರೆ ಗಂಭೀರವಾಗುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗ 2010ರಲ್ಲಿ ಅಧ್ಯಾಪಕರ ನೇಮಕಾತಿ, ಬಡ್ತಿಗಳಿಗೆ ಅಂಕಗಳ ಲೆಕ್ಕ ತಂದಿತು. 2016ರ ನಿಯಮದಲ್ಲಿ ಪಿಎಚ್‌ಡಿ ಪ್ರಬಂಧ ಒಪ್ಪಿಸುವ ಮುನ್ನ ಲೇಖನ ಪ್ರಕಟಿಸಬೇಕೆಂದಿತು. ಹಣ ಪಡೆದು ಏನನ್ನಾದರೂ ಅಚ್ಚು ಹಾಕುವ ನಿಯತಕಾಲಿಕಗಳು ಇದರ ನೆರಳಿನಲ್ಲಿ ಹುಲುಸಾಗಿ ಬೆಳೆದವು. ಅವುಗಳನ್ನು ತಡೆಯಲೆಂದು ಆಯೋಗ ತಂದ, ಒಪ್ಪಿತ ನಿಯತಕಾಲಿಕಗಳ ಕೇರ್ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ಕೈಬಿಡಲಾಯಿತು; ಪಿಎಚ್‌ಡಿಗೆ ಲೇಖನ ಕಡ್ಡಾಯವೆಂಬ ನಿಯಮ ಅದಕ್ಕೂ ಮೊದಲೇ, 2022ರಲ್ಲಿ ಹೋಗಿತ್ತು. ಆ ನಿಯತಕಾಲಿಕಗಳಿಗೂ ಟೆಂಪ್ಲೇಟುಗಳಿದ್ದವು, ಆಕರಸೂಚಿಯ ಕ್ರಮವಿತ್ತು. ಆದ್ದರಿಂದ ರೂಪ ಸತ್ಯಕ್ಕೆ ಪ್ರಮಾಣವಾಗಲಾರದು ಎಂದು ನಾನು ಒಪ್ಪುತ್ತೇನೆ. ಅದೊಂದು ವಾಗ್ದಾನ ಅಷ್ಟೆ: ಇಲ್ಲಿರುವುದನ್ನು ನೀವು ಪರೀಕ್ಷಿಸಬಹುದು ಎಂಬ ವಾಗ್ದಾನ. ಅದನ್ನು ಮುರಿಯುವವರಿದ್ದಾರೆ ಎಂಬ ಕಾರಣಕ್ಕೆ ವಾಗ್ದಾನವನ್ನೇ ಬಿಟ್ಟುಬಿಡುವುದಿಲ್ಲ. ಮುರಿದವರನ್ನು ಹಿಡಿಯಲು ಬೇಕಾದ ಸಾಧನವೂ ಅದೇ ಆಗಿರುತ್ತದೆ. ಸುಳ್ಳು ಉಲ್ಲೇಖವನ್ನು ಬಯಲಿಗೆಳೆಯಲು ಸಾಧ್ಯವಾಗುವುದು ಲೇಖಕ ಅದಕ್ಕೊಂದು ಪುಟಸಂಖ್ಯೆ ಕೊಟ್ಟಿರುವುದರಿಂದ. ದೋಷ ಇರುವುದು ರೂಪವನ್ನೇ ಅರ್ಹತೆಯೆಂದು ಎಣಿಸಿದ ವ್ಯವಸ್ಥೆಯಲ್ಲಿ. ಅಂಚಿನ ಅಳತೆ ತಪ್ಪಿತೆಂದು ಲೇಖನವನ್ನು ಓದದೆಯೇ ಹಿಂದಕ್ಕೆ ಕಳಿಸುವ ಸಂಪಾದಕರು ಅದೇ ದೋಷದ ಇನ್ನೊಂದು ಮುಖ. ಡೊಂಬಿವಲಿಯಿಂದ ರೈಲಿನಲ್ಲಿ ಹೋಗಿಬರುತ್ತ, ನೌಕರಿಯ ನಡುವೆ ಸಂಶೋಧನೆ ಮಾಡುವವರಿಗೆ ಅಂಥ ಕಾಟ ಅನ್ಯಾಯವೇ ಸರಿ. ಪರೀಕ್ಷೆಗೆ ನೆರವಾಗದ ನಿಯಮವನ್ನು ಬಿಡಬೇಕು, ನೆರವಾಗುವ ನಿಯಮವನ್ನು ಯಾವ ಕಾರಣಕ್ಕೂ ಸಡಿಲಿಸಬಾರದು.

ಋಣದ ಪ್ರಶ್ನೆ ಉಳಿದಿದೆ. ಲೋಕದ ದೊಡ್ಡ ಪ್ರಕಾಶಕರ ನಿಯತಕಾಲಿಕಗಳ ಪುಟಗಳು ಬಹಳ ಮಟ್ಟಿಗೆ ಭಾರತದ ಊರುಗಳಲ್ಲಿ ಜೋಡಣೆಯಾಗುತ್ತವೆ. ತಿರುವನಂತಪುರ, ಚೆನ್ನೈ, ಪುದುಚೇರಿಗಳಲ್ಲಿ ಲೇಟೆಕ್ ಬಲ್ಲ ಸಾವಿರಾರು ಕೈಗಳು ಲೇಖಕರ ಎಡವಟ್ಟುಗಳನ್ನು ತಿದ್ದಿ ಕಳಿಸುತ್ತಿವೆ. ಲೇಖನದ ಕೊನೆಯಲ್ಲಿ ಹಣ ಕೊಟ್ಟ ಸಂಸ್ಥೆಗೆ ಕೃತಜ್ಞತೆ ಇರುತ್ತದೆ. ಈ ಕೈಗಳಿಗೆ ಇರುವುದಿಲ್ಲ. ಓಲೆಗರಿಯ ಪ್ರತಿಕಾರನಿಗಾದರೂ ಕೊನೆಯಲ್ಲಿ ತನ್ನ ಬೆನ್ನುನೋವನ್ನು ಬರೆಯುವ ಜಾಗವಿತ್ತು.

ಕಲಿಯುವವರಿಗೆ ನೆರವು ಹತ್ತಿರದಲ್ಲೇ ಇದೆ. ಪವಯಿಯ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲೇಟೆಕ್ ಪಾಠಗಳು ಉಚಿತವಾಗಿ ಸಿಗುತ್ತವೆ. ತಂತ್ರಾಂಶಕ್ಕೂ ಹಣವಿಲ್ಲ, ಕ್ನೂತ್ ಟೆಕ್ಕನ್ನು ಲೋಕಕ್ಕೆ ಬಿಟ್ಟುಕೊಟ್ಟಿದ್ದಾರೆ. ಮುಂಬಯಿ ಸೀಮೆಯ ಕನ್ನಡ ಸಂಶೋಧಕರಲ್ಲಿ, ಅವರ ಮಾರ್ಗದರ್ಶಕರಲ್ಲಿ, ಸಂಘಸಂಸ್ಥೆಗಳ ಸಂಚಿಕೆಗಳನ್ನು ಹೊರತರುವವರಲ್ಲಿ ನನ್ನ ಕೋರಿಕೆ ಇಷ್ಟೆ. ಯೂನಿಕೋಡಿನಲ್ಲೇ ಬರೆಯಿರಿ. ಪ್ರತಿ ಉದ್ಧರಣೆಯನ್ನು ಮೂಲದೊಡನೆ ಮತ್ತೊಮ್ಮೆ ಹೋಲಿಸಿ, ಪುಟಸಂಖ್ಯೆ ಕೊಡಿ. ಅಚ್ಚಾದ ಪ್ರಬಂಧದ ಜೊತೆಗೆ ಅದರ ಮೂಲ ಕಡತವನ್ನೂ ಗ್ರಂಥಾಲಯಕ್ಕೆ ಒಪ್ಪಿಸಿ. ಪುಟ ಜೋಡಿಸಿದವರ ಹೆಸರನ್ನು ಪ್ರಬಂಧದ ಕೊನೆಯಲ್ಲಿ ಬರೆಯಿರಿ.